ನಲವತ್ತೆರಡು ನಮ್ಮವು

ಅಕ್ಕನಾಗಮ್ಮ ಕರಜಗಿಯವಳು. ಅವಳ ಅಪ್ಪ ಅಮೃತಪ್ಪನಿಗೆ ಅಲ್ಲಿ ನಲವತ್ತು ಎಕರೆ ಜೋಳದ ಹೊಲವಿತ್ತು, ಎರಡು ಜೋಡಿ ಎತ್ತಿದ್ದವು, ಮನಸ್ಸಿಗೆ ಬಂದದ್ದನ್ನು ಕೊನೆಯವರೆಗೂ ಬಿಡದ ಹಟವಿತ್ತು. ಹೊಲ, ಎತ್ತು ಗಂಡುಮಕ್ಕಳ ಪಾಲಿಗೆ ಹೋಗುವುದು ಎಲ್ಲರಿಗೂ ಗೊತ್ತಿದ್ದದ್ದೇ. ಹಟ ಮಾತ್ರ ಇಡಿಯಾಗಿ ಮಗಳಿಗೆ ಬಂತು.

ಆ ಹಟದಿಂದಲೇ ಅವಳು ಸೊಲ್ಲಾಪುರಕ್ಕೆ ಬಂದು, ವಿಜಾಪುರ ರಸ್ತೆಯಲ್ಲಿದ್ದ ಸೋದರತ್ತೆ ಕಸ್ತೂರಬಾಯಿಯ ಮನೆಯಲ್ಲಿ ಉಳಿದು, ಭೌತಶಾಸ್ತ್ರ ಓದಿ ಬಿ.ಎಸ್‌ಸಿ. ಮುಗಿಸಿದಳು. ಅತ್ತೆಯ ಗಂಡ ಕಲ್ಯಾಣಪ್ಪನದು ಚಾದರಿನ ವ್ಯಾಪಾರ. ಅವರ ಮನೆಯಲ್ಲಿ ಒಂದು ವಾಕ್ಯ ಕನ್ನಡದಲ್ಲಿ ಶುರುವಾದರೆ ಮರಾಠಿಯಲ್ಲಿ ಮುಗಿಯುತ್ತಿತ್ತು. ನಾದಿನಿಯರಿಲ್ಲದ, ಮಕ್ಕಳು ದೊಡ್ಡವರಾಗಿ ಹೋಗಿದ್ದ ಆ ಮನೆಯಲ್ಲಿ ಹುಡುಗಿಗೆ ಓದಲು ಒಂದು ಇಡೀ ಕೋಣೆ ಸಿಕ್ಕಿತ್ತು.

1974ರ ಜೂನ್ ತಿಂಗಳು. ರೈಲ್ವೆ ಮುಷ್ಕರ ಮುಗಿದು ಗಾಡಿಗಳು ಮತ್ತೆ ಓಡತೊಡಗಿದ್ದವು. ದಾರಿಯಲ್ಲಿ ಮೂರು ವಾರ ಸಿಕ್ಕಿಬಿದ್ದಿದ್ದ ಆರು ಮರದ ಪೆಟ್ಟಿಗೆಗಳು ಅವಳು ಓದಿದ ಕಾಲೇಜಿಗೆ ಮುಂಬಯಿಯಿಂದ ಬಂದಿಳಿದವು. ತರಿಸಿದವರು ಪ್ರೊಫೆಸರ್ ಸಾತಲಿಂಗಪ್ಪ. ಮುಂಬಯಿಯ ಸಂಶೋಧನಾ ಕೇಂದ್ರದಲ್ಲಿ ಎಂಟು ವರ್ಷ ದುಡಿದು ಊರಿಗೆ ಮರಳಿದವರು, ಐವತ್ತರ ಹತ್ತಿರದವರು, ಸದಾ ಅವಸರದವರು. ಐದು ಪೆಟ್ಟಿಗೆಗಳಲ್ಲಿ ಫಿಲ್ಮ್ ಸುರುಳಿಗಳಿದ್ದವು. ಆರನೆಯದರಲ್ಲಿ, ಚಿತ್ರವನ್ನು ಮೇಜಿನಷ್ಟು ದೊಡ್ಡದಾಗಿ ಮೂಡಿಸುವ ಯಂತ್ರ.

ನೋಟೀಸು ಬೋರ್ಡಿನ ಮೇಲೆ ಒಂದು ಚೀಟಿ ಅಂಟಿತು: ಚಿತ್ರ ನೋಡುವ ಕೆಲಸಕ್ಕೆ ಇಬ್ಬರು ಬೇಕು, ಕಣ್ಣು ಚುರುಕಾಗಿರಬೇಕು. ಅಕ್ಕನಾಗಮ್ಮ ಅದನ್ನು ಓದಿ ಮುಗಿಸುವ ಮೊದಲೇ ಮೆಟ್ಟಿಲು ಹತ್ತುತ್ತಿದ್ದಳು.

ಕಿಟಕಿಗೆ ಕಪ್ಪು ಬಟ್ಟೆ ಹೊಡೆದ ಕೋಣೆ. ಮೇಜಿನ ಮೇಲೆ ಬೂದು ಬಣ್ಣದ ಬೆಳಕು, ಅದರಲ್ಲಿ ಸಣ್ಣಸಣ್ಣ ಗೆರೆಗಳು.

"ಇದರಾಗ ಏನ ಕಾಣಸ್ತದ?" ಎಂದರು ಸಾತಲಿಂಗಪ್ಪ.

ಅವಳು ಮೇಜಿನ ಮೇಲೆ ಬಾಗಿದಳು. "ಇಲ್ಲೆ ಒಂದು ಬಿಂದು ಅದ ಸರ್. ಅಲ್ಲಿಂದ ಮೂರು ಗೆರಿ ಹೊಂಟಾವ. ಒಂದು ಭಾಳ ಉದ್ದ, ನೆಟ್ಟಗದ. ಒಂದು ಸ್ವಲ್ಪ ಬಾಗೇದ. ಒಂದು ಗಿಡ್ಡ, ದಪ್ಪ. ಆದ್ರ ಈ ಬಿಂದೂಗೆ ಬಂದ ಗೆರೀನ ಇಲ್ಲಲ್ರಿ!"

ಸಾತಲಿಂಗಪ್ಪ ಅಂಗೈ ತಟ್ಟಿದರು. "ಬರೋಬ್ಬರಿ! ಬಂದಾಂವ ಕಾಣೂದಿಲ್ಲ. ನಾಳಿಂದ ಬರ್ರಿ."

ಹಾಗೆ ಬಂದು ಕಾಣದೆ ಹೋಗುವುದರ ಹೆಸರು ನ್ಯೂಟ್ರಿನೊ. ವಿದೇಶದ ಒಂದು ಪ್ರಯೋಗಾಲಯದಲ್ಲಿ ದ್ರವ ತುಂಬಿದ ದೊಡ್ಡ ತೊಟ್ಟಿಯ ಮೇಲೆ ನ್ಯೂಟ್ರಿನೊಗಳ ಧಾರೆ ಹಾಯಿಸಿ ಆ ಚಿತ್ರಗಳನ್ನು ತೆಗೆದಿದ್ದರು. ಕೋಟಿಗಟ್ಟಲೆ ನ್ಯೂಟ್ರಿನೊಗಳು ಏನನ್ನೂ ಮುಟ್ಟದೆ ದಾಟಿಹೋಗುತ್ತವೆ. ಎಲ್ಲೋ ಒಂದು, ಒಂದು ಪರಮಾಣುವಿನ ಬೀಜಕ್ಕೆ ಬಡಿಯುತ್ತದೆ. ಆಗ ಸಿಡಿದು ಹೊರಟ ಕಣಗಳು ದ್ರವದಲ್ಲಿ ಗುಳ್ಳೆಗಳ ಸಾಲು ಬಿಡುತ್ತವೆ. ಆ ಸಾಲೇ ಗೆರೆ. ಉದ್ದದ್ದು ಮ್ಯೂಯಾನ್, ಬಾಗಿದ ತೆಳು ಗೆರೆ ಪಯಾನ್, ಗಿಡ್ಡ ದಪ್ಪದ್ದು ಪ್ರೋಟಾನ್. ಯಾವ ಚಿತ್ರದಲ್ಲಿ ಯಾವುದೆಷ್ಟು ಎಂದು ಬರೆಯುವುದೇ ಕೆಲಸ.

ಎರಡನೆಯ ಜಾಗಕ್ಕೆ ಬಂದವಳು ಮಂದ್ರೂಪದ ದ್ರೌಪದಿ. ಕಬ್ಬು ಬೆಳೆಯುವ ಮನೆಯವಳು, ಬೆಳಿಗ್ಗೆ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೋಗುವವಳು, ಮಾತು ಜೋರು. ಇಬ್ಬರಿಗೂ ಸಾತಲಿಂಗಪ್ಪ ಒಂದೇ ಕಟ್ಟಳೆ ಹಾಕಿದರು. ಇಬ್ಬರೂ ಅವವೇ ಸುರುಳಿಗಳನ್ನು ಬೇರೆಬೇರೆಯಾಗಿ ನೋಡಬೇಕು, ಕಂಡದ್ದನ್ನು ಒಬ್ಬರಿಗೊಬ್ಬರು ಹೇಳಬಾರದು. ಯಾಕೆಂದು ದ್ರೌಪದಿ ಕೇಳಿದಾಗ ಅವರು ಕರಿಹಲಗೆಗೆ ಹೋದರು.

"ಅಕ್ಕನಾಗಮ್ಮಗ ತೊಂಬತ್ತು ಸಿಕ್ಕಾವ ಅನ್ರಿ. ನಿಮಗ ಎಂಬತ್ತು. ಎರಡೂ ಕಡೆ ಇದ್ದದ್ದು ಎಪ್ಪತ್ತೆರಡು. ಅಂದ್ರ ನಿಮ್ಮ ಎಂಬತ್ತರಾಗ ಈಕಿ ಎಪ್ಪತ್ತೆರಡು ಹಿಡದಾಳ. ಹತ್ತಕ್ಕ ಒಂಬತ್ತು. ಹತ್ತಕ್ಕ ಒಂಬತ್ತು ಹಿಡಿಯಾಕಿಗೆ ತೊಂಬತ್ತು ಸಿಕ್ಕಿದ್ರ, ಒಟ್ಟು ಇದ್ದದ್ದು ನೂರು. ಇಬ್ಬರೂ ಕೂಡಿ ಕಂಡದ್ದು ತೊಂಬತ್ತೆಂಟು. ಇಬ್ಬರ ಕಣ್ಣಿಗೂ ಬೀಳದ್ದು ಎರಡು!"

ಯಾರೂ ನೋಡದೇ ಇದ್ದದ್ದನ್ನು ಎಣಿಸಬಹುದು ಎಂದು ಅಕ್ಕನಾಗಮ್ಮನಿಗೆ ಅದುವರೆಗೆ ಯಾರೂ ಹೇಳಿರಲಿಲ್ಲ. ಅಂದು ಮನೆಗೆ ಬಂದವಳೇ ಕಲ್ಯಾಣಪ್ಪನನ್ನೂ ಕಸ್ತೂರಬಾಯಿಯನ್ನೂ ಒಂದೇ ಚಾದರಿನ ಮುಂದೆ ಸರದಿಯಂತೆ ಕೂರಿಸಿ, ಅದರಲ್ಲಿ ಎಷ್ಟು ಎಳೆ ತಪ್ಪಿದೆ ಎಂದು ಬೇರೆಬೇರೆ ಕೇಳಿ, ಇಬ್ಬರಿಗೂ ಕಾಣದವು ಮೂರು ಎಂದು ಸಾರಿದಳು. ಕಲ್ಯಾಣಪ್ಪ ಅರ್ಧ ಗಂಟೆ ಹುಡುಕಿ ಎರಡು ತೆಗೆದರು. ಮೂರನೆಯದು ಇಲ್ಲವೇ ಇಲ್ಲ ಎಂದು ವಾದಿಸಿದರು.

ಮರುವರ್ಷ ಬೇಸಿಗೆಯಲ್ಲಿ ಅಮೃತಪ್ಪ ಕರಜಗಿಯಿಂದ ಎಸ್.ಟಿ. ಬಸ್ಸಿನಲ್ಲಿ ಬಂದ. ಅಕ್ಕಲಕೋಟದ ಹೆಣ್ಣುಮಕ್ಕಳ ಶಾಲೆಯಲ್ಲಿ ಮಾಸ್ತರಿಣಿಯ ಕೆಲಸ ಖಾಲಿಯಾಗಲಿತ್ತು. ಕಾಯಂ ಕೆಲಸ, ಊರಿಗೆ ಹತ್ತಿರ. ಮಗಳು ಮಾತನಾಡುವುದರ ಬದಲು ಅಪ್ಪನನ್ನು ಕಾಲೇಜಿನ ಆ ಕೋಣೆಗೆ ಕರೆದುಕೊಂಡು ಹೋಗಿ ಮೇಜಿನ ಮುಂದೆ ನಿಲ್ಲಿಸಿದಳು.

ಅಮೃತಪ್ಪ ಬಹಳ ಹೊತ್ತು ನೋಡಿದ. "ಬಂದಾಂವ ಕಾಣೂದಿಲ್ಲ ಅಂತಿ. ಹಂಗಾದ್ರ ಎಷ್ಟು ಜೋರಿನಿಂದ ಬಂದಾನ ಅಂತ ಹೆಂಗ ಹೇಳ್ತಿ?"

"ಅದೇ ಅಪ್ಪಾ, ಎಲ್ಲಾದಕ್ಕಿಂತ ಕಷ್ಟದ್ದು ಅದೇ!" ಎಂದು ಅವಳು ಬಹುತೇಕ ಕೂಗಿದಳು. "ಹೋದವರ ಜೋರೆಲ್ಲಾ ಕೂಡಸಬೇಕು. ಆದ್ರ ಹೋಗೋರೊಳಗ ಒಬ್ಬಾಂವ ಆ ಬೀಜದಾಗ ಹುಟ್ಟಿ ಅಲ್ಲೇ ಅಡಗಿದ್ರ? ಹೊರಗ ಬರೂದ್ರಾಗ ಬೀಜನ ಅವನ್ನ ನುಂಗಿದ್ರ? ಆಗ ಲೆಕ್ಕ ಕಮ್ಮಿ ಬೀಳ್ತದ. ಎಷ್ಟು ಮಂದಿನ್ನ ನುಂಗ್ತದ ಅಂತ ಮುಂಬೈದಾಗ ಒಬ್ಬರು ಕಂಪ್ಯೂಟರಿನ ಮ್ಯಾಲೆ ಲೆಕ್ಕ ಹಾಕ್ತಾರ. ಅದು ಖರೇನೋ ಸುಳ್ಳೋ ನಾವು ಎಣಿಸಿ ಹೇಳ್ಬೇಕು."

ಅಮೃತಪ್ಪ ಮತ್ತೆ ಬಾಗಿ ನೋಡಿದ. ಮರುವರ್ಷದ ಜೂನ್‌ವರೆಗೆ ಆ ಶಾಲೆಯ ಜಾಗ ಹಿಡಿದಿಡುವಂತೆ ಹೇಳುತ್ತೇನೆ, ಆಮೇಲೆ ನಿನ್ನ ತೀರ್ಮಾನ ಎಂದು ಹೇಳಿ, ಮೂರು ಗಂಟೆಯ ಬಸ್ಸು ಹಿಡಿದ.

ನವೆಂಬರಿನಲ್ಲಿ ಮುಂಬಯಿಯಿಂದ ಪತ್ರ ಬಂತು. ಬರೆದವರು ಡಾಕ್ಟರ್ ಸುಮಿತ್ರಾಬಾಯಿ. ಕಂಪ್ಯೂಟರಿನಲ್ಲಿ ಸಾವಿರಾರು ಕಲ್ಪನೆಯ ನ್ಯೂಟ್ರಿನೊಗಳು ಬೀಜಕ್ಕೆ ಬಡಿಯುವಂತೆ ಮಾಡಿ, ಏನೇನು ಹೊರಬರಬೇಕು ಎಂದು ಮುಂಗಾಣುತ್ತಿದ್ದ ವಿಜ್ಞಾನಿ ಅವರೇ. ಪತ್ರ ಚುಟುಕಾಗಿತ್ತು. ಸೊಲ್ಲಾಪುರದ ಚಿತ್ರಗಳಲ್ಲಿ ಪಯಾನ್ ಇರುವ ಘಟನೆಗಳು ನಾಲ್ಕುನೂರ ಮೂವತ್ತು ಇರಬೇಕಿತ್ತು. ನೀವು ಕಳಿಸಿದ್ದು ಮುನ್ನೂರ ಹದಿನೆಂಟು. ನಿಮ್ಮಲ್ಲಿ ನೋಡುವವರು ಪಯಾನ್‌ಗಳನ್ನು ಬಿಡುತ್ತಿದ್ದಾರೆ. ಆದ್ದರಿಂದ ಸೊಲ್ಲಾಪುರದ ಎಣಿಕೆಯನ್ನು ಕೈಬಿಡುವ ವಿಚಾರವಿದೆ.

"ನೂರಾ ಹನ್ನೆರಡು ಬಿಟ್ಟೀವೇನ ನಾವು?" ದ್ರೌಪದಿ ಪತ್ರವನ್ನು ಮೇಜಿನ ಮೇಲೆ ಬಡಿದಳು. "ಎರಡೂ ಎಣಿಕಿ ಕೂಡಿಸಿ ನೋಡಿದ್ರ ಇಬ್ಬರಿಗೂ ಬೀಳದ್ದು ಐದು ಅಂತ ಬಂದದ. ಐದು! ಅವರ ಕಂಪ್ಯೂಟರ್‌ನ ಕಣ್ಣ ತಪಾಸ ಮಾಡ್ಸಕೋ ಅನ್ನು."

ಅಕ್ಕನಾಗಮ್ಮನಿಗೂ ಸಿಟ್ಟು ಬಂದಿತ್ತು. ಆದರೆ ಅವಳು ಸಿಟ್ಟಿನಲ್ಲೇ ಹಳೆಯ ವಹಿ ತೆಗೆದು, ಇಬ್ಬರೂ ಒಂದೇ ಥರ 'ಪ್ರೋಟಾನ್' ಎಂದು ಬರೆದ ಗಿಡ್ಡ ಗೆರೆಗಳನ್ನು ಮತ್ತೆ ನೋಡತೊಡಗಿದಳು. ಒಂದು ಚಿತ್ರದ ಮುಂದೆ ಅವಳ ಕೈ ನಿಂತಿತು.

"ದ್ರೌಪದಿ, ಇದನ್ನ ಪ್ರೋಟಾನ್ ಅಂತ ಯಾಕ ಬರದಿ?"

"ಗಿಡ್ಡ ಅದಲ್ಲ."

"ನಾನೂ ಅದಕ್ಕ ಬರದೀನಿ. ಆದ್ರ ಇದು ಕ್ಯಾಮೆರಾದ ಕಡೆಗೇ ಬರಾಕತ್ತಿದ್ರ? ನಮ್ಮ ಕಣ್ಣಿಗೆ ನೇರ ಬರೋ ಉದ್ದನ್ನ ಕೋಲೂ ಗಿಡ್ಡ ಕಾಣಸ್ತದಲ್ಲ!"

ದ್ರೌಪದಿ ಒಂದು ಪೆನ್ಸಿಲು ಎತ್ತಿ ತನ್ನ ಕಣ್ಣಿಗೆ ನೇರ ಹಿಡಿದು ನೋಡಿದಳು.

"ನನಗ ಕಠಿಣ ಆದದ್ದು ನಿನಗೂ ಕಠಿಣ ಆಗ್ತದ," ಎಂದಳು ಅಕ್ಕನಾಗಮ್ಮ. "ಇಬ್ಬರೂ ಒಂದೇ ಕಾರಣಕ್ಕ ತಪ್ಪಿದ್ರ ಆ ಲೆಕ್ಕಕ್ಕ ಅದು ಸಿಗೂದೇ ಇಲ್ಲ. ನಾವು ಬೇರೆಬೇರೆ ಕಡೆ ತಪ್ತೀವಿ ಅಂತ ಅದು ನಂಬೇದ."

ತಪ್ಪಿದ್ದೇವೆ ಎಂದೇನೋ ಆಯಿತು. ಆದರೆ ಎಷ್ಟು? ಶುಕ್ರವಾರ, ಶನಿವಾರ ಎರಡೂ ದಿನ ಅವಳಿಗೆ ಊಟದ ಮೇಲೆ ಗಮನವಿರಲಿಲ್ಲ. ಭಾನುವಾರ ಬೆಳಿಗ್ಗೆ ಅತ್ತೆ ಅಂಗಳ ಸಾರಿಸಿದ ಮೇಲೆ ರಂಗೋಲಿ ಹಾಕಲು ಕುಳಿತವಳ ಕೈ ಒಂದು ದೊಡ್ಡ ದುಂಡು ಬರೆದು ಅಲ್ಲೇ ನಿಂತಿತು. ನ್ಯೂಟ್ರಿನೊ ಎಡದಿಂದ ಬಲಕ್ಕೆ ನೆಟ್ಟಗೆ ಬರುತ್ತದೆ. ಕ್ಯಾಮೆರಾ ಮೇಲಿದೆಯೋ ಕೆಳಗಿದೆಯೋ ಅದಕ್ಕೇನು ಗೊತ್ತು? ಅದು ಬಂದ ದಾರಿಯ ಸುತ್ತಲೂ ಪಯಾನ್‌ಗಳು ಎಲ್ಲ ದಿಕ್ಕಿಗೂ ಸಮಸಮವಾಗಿಯೇ ಚೆಲ್ಲಬೇಕು!

ನ್ಯೂಟ್ರಿನೊ ಬರುವ ದಾರಿಯನ್ನು ಎದುರಿನಿಂದ ನೋಡಿದರೆ ಕಾಣುವುದೇ ಆ ದುಂಡು ಎಂದುಕೊಂಡು ಅವಳು ಅದನ್ನು ಹನ್ನೆರಡು ಪಾಲು ಮಾಡಿದಳು. ಮೇಲಿನ ಎರಡು ಪಾಲು ಕ್ಯಾಮೆರಾದ ಕಡೆ, ಕೆಳಗಿನ ಎರಡು ಅದರ ಎದುರು ಕಡೆ. ಒಳಗೆ ಓಡಿ, ಪ್ರತಿ ಪಯಾನ್‌ನ ದಿಕ್ಕು ಬರೆದಿಟ್ಟಿದ್ದ ವಹಿಯನ್ನೂ ಒಂದು ಮೊರದ ತುಂಬ ಜೋಳವನ್ನೂ ತಂದಳು. ಒಂದು ಪಯಾನ್‌ಗೆ ಒಂದು ಕಾಳು.

ಕಸ್ತೂರಬಾಯಿ ಹಾಲಿನ ತಂಬಿಗೆ ಹಿಡಿದು ಹೊರಬಂದಳು. "ಏನವಾ ಇದು? ಸಾರಿಸಿದ ಅಂಗಳದಾಗ ಜ್ವಾಳ ಚೆಲ್ಲಾಕತ್ತೀಯಲ್ಲ!"

"ದಾಟಬ್ಯಾಡ್ರಿ ಅತ್ತಿ! ಇನ್ನೂ ತೊಂಬತ್ತು ಅದಾವ!"

ಕಸ್ತೂರಬಾಯಿ ದಾಟಲಿಲ್ಲ. ಹಾಲು ಅಲ್ಲೇ ಇಟ್ಟು, ಒಳಗೆ ನುಗ್ಗಲು ಬಂದ ಗುಬ್ಬಿಗಳನ್ನು ಸೆರಗಿನಿಂದ ಓಡಿಸುತ್ತ ಕಾವಲು ನಿಂತಳು. ಮುನ್ನೂರ ಹದಿನೆಂಟನೆಯ ಕಾಳು ಬಿತ್ತು. ಎಣಿಸುವ ಮೊದಲೇ ಕಣ್ಣಿಗೆ ಹೊಡೆಯುತ್ತಿತ್ತು. ಎಡಬಲದ ಎಂಟು ಪಾಲುಗಳಲ್ಲಿ ಕಾಳು ಒತ್ತೊತ್ತಾಗಿ, ಒಟ್ಟು ಇನ್ನೂರ ನಲವತ್ತು, ಪಾಲಿಗೆ ಮೂವತ್ತರಂತೆ. ಮೇಲಿನ ಎರಡು, ಕೆಳಗಿನ ಎರಡು ಮಾತ್ರ ತೆಳುವಾಗಿ, ಹತ್ತೊಂಬತ್ತು, ಇಪ್ಪತ್ತೊಂದು, ಹದಿನೆಂಟು, ಇಪ್ಪತ್ತು. ಆ ನಾಲ್ಕರಲ್ಲಿ ನೂರ ಇಪ್ಪತ್ತು ಇರಬೇಕಿತ್ತು, ಇದ್ದದ್ದು ಎಪ್ಪತ್ತೆಂಟು.

"ನಲವತ್ತೆರಡು!" ಎಂದು ಅವಳು ಕೂಗಿ ಅತ್ತೆಯನ್ನು ಅಪ್ಪಿಕೊಂಡಳು.

ಟಾಂಗಾ ಹಿಡಿದು ಸಾತಲಿಂಗಪ್ಪನವರ ಮನೆಗೆ ಹೋದಾಗ ಅವರು ರೊಟ್ಟಿ ಮುರಿಯುತ್ತಿದ್ದರು.

"ಸರ್, ಚೂಕ ನಮ್ಮದೂ ಅದ, ನಾವೂ ತಪ್ಪೀವಿ!"

"ಇಷ್ಟು ಖುಷಿಯಿಂದ ಹೇಳಾಕತ್ತೀಯಲ್ಲವಾ!"

"ಪೂರಾ ನಮ್ಮದಲ್ರಿ. ನೂರಾ ಹನ್ನೆರಡು ಕಮ್ಮಿ ಅಂತಾರಲ್ಲ, ಅದರಾಗ ನಲವತ್ತೆರಡು ನಮ್ಮವು. ಆಚೀಚೆ ಹನ್ನೆರಡು ಹಿಡೀರಿ, ಇಷ್ಟ ಕಾಳಿನ್ಯಾಗ ಅಷ್ಟು ಹೆಚ್ಚುಕಮ್ಮಿ ಆಗೇ ಆಗ್ತದ. ಉಳದ ಎಪ್ಪತ್ತು ನಮ್ಮ ಕಣ್ಣಿಂದಲ್ಲ. ಆ ಬೀಜ ಅವರು ತಿಳದದ್ದಕ್ಕಿಂತ ಜಾಸ್ತಿ ಪಯಾನ್ ನುಂಗಾಕತ್ತದ!"

ಸಾತಲಿಂಗಪ್ಪ ಕೈ ತೊಳೆದರು. ಎಲ್ಲ ಕೇಳಿ, ಎರಡು ಸಲ ಲೆಕ್ಕ ಮಾಡಿ, ಆಮೇಲೆ ಮುಖ ಸಣ್ಣದು ಮಾಡಿದರು. "ನಲವತ್ತೆರಡು ತಪ್ಪೀವಿ ಅಂತ ನಾವೇ ಬರದ್ರ, ಉಳದದ್ದೂ ನೀವೇ ತಪ್ಪೀರಿ ಅಂತಾರ."

"ಬರೀಲಿಲ್ಲಂದ್ರ ಎಪ್ಪತ್ತರ ಮಾತು ಯಾರು ನಂಬ್ತಾರ್ರಿ? ಬರೀರಿ ಸರ್. ನಮ್ಮ ತಪ್ಪು ಮೊದಲ ಬರೀರಿ."

ಅವರು ಬರೆದರು. ಉತ್ತರದ ಬದಲು ಜನವರಿಯಲ್ಲಿ ಸುಮಿತ್ರಾಬಾಯಿಯೇ ರೈಲಿನಿಂದ ಇಳಿದರು. ಎತ್ತರದ ಹೆಂಗಸು, ಬಿಳಿ ಸೀರೆ, ಕೈಯಲ್ಲಿ ಕಂಪ್ಯೂಟರಿನ ಕಾಗದದ ದಪ್ಪ ಕಟ್ಟು. ಅವರ ತವರು ಅಕ್ಕಲಕೋಟ. ಮರಾಠಿ ಬೆರೆಸಿದ ಕನ್ನಡ ಸಲೀಸಾಗಿ ಬರುತ್ತಿತ್ತು. ಅಕ್ಕನಾಗಮ್ಮ ಹಾಳೆಯ ಮೇಲೆ ಬರೆದ ದುಂಡನ್ನು ಅವರು ಕನ್ನಡಕ ಸರಿಸಿ ನೋಡಿದರು.

"ವಿಚಾರ ಛಲೋ ಅದ. ಆದ್ರ ಕಾಳು ಯೋಗಾಯೋಗದಿಂದ, ಅಕಸ್ಮಾತ್ತಾಗಿಯೂ ಹಂಗ ಬಿದ್ದಿರಬಹುದು. ನಲವತ್ತೆರಡು ಅಂತ ಚೀಟಿಯೊಳಗ ಬರದು ಈ ಮೇಜಿನ ಮ್ಯಾಲೆ ಇಡ್ರಿ. ಆಮೇಲೆ ತೋರಸ್ರಿ, ಅವು ಎಲ್ಲದಾವ ಅಂತ."

ದಾರಿಯಿತ್ತು. ಅದು ಬೇಸರದ ದಾರಿ, ಪಯಾನ್ ಎಂದು ಬರೆದವುಗಳ ದಿಕ್ಕನ್ನು ಅದರಿಂದಲೇ ಅಳೆದಿದ್ದರೂ ಗಿಡ್ಡ ಗೆರೆಗಳಿಗೆ ಯಾರೂ ಅದನ್ನು ಹಿಡಿದಿರಲಿಲ್ಲ. ತೊಟ್ಟಿಗೆ ಮೂರು ಕ್ಯಾಮೆರಾಗಳಿದ್ದವು, ಒಂದೇ ಬದಿಯಲ್ಲಿ, ಒಂದರಿಂದೊಂದು ಸ್ವಲ್ಪ ದೂರ. ಗೆರೆಯ ತುದಿ ಒಂದು ಚಿತ್ರದಿಂದ ಇನ್ನೊಂದಕ್ಕೆ ಎಷ್ಟು ಸರಿಯುತ್ತದೆ ಎಂದು ಕೂದಲೆಳೆಯಷ್ಟು ನಿಖರವಾಗಿ ಅಳೆದರೆ, ಆ ತುದಿ ಎಷ್ಟು ಆಳದಲ್ಲಿದೆ ಎಂದು ತಿಳಿಯುತ್ತದೆ. ಗಿಡ್ಡ ಕಂಡದ್ದು ನಿಜವಾಗಿ ಗಿಡ್ಡವೋ, ಉದ್ದವೋ ಗೊತ್ತಾಗುತ್ತದೆ. ಸುಮಿತ್ರಾಬಾಯಿ ತಾವೇ ಕುಳಿತು ಅನುಮಾನದ ತೊಂಬತ್ತಾರು ಗೆರೆಗಳನ್ನು ಆರಿಸಿದರು. ಅವುಗಳೊಳಗೆ ಅನುಮಾನವಿಲ್ಲದ ಬೇರೆ ಅರವತ್ತನ್ನು ಕಲಸಿ, ಯಾವುದು ಯಾವುದೆಂದು ಗುರುತು ಸಿಗದಂತೆ ಹೊಸ ನಂಬರು ಕೊಟ್ಟರು.

"ಮೂರು ದಿನ ಇರ್ತೀನಿ," ಎಂದರು.

ಆ ಮೂರು ದಿನಗಳನ್ನು ಅಕ್ಕನಾಗಮ್ಮ ಮುಂದೆ ಎಷ್ಟೋ ವರ್ಷ ನೆನೆದು ನಗುತ್ತಿದ್ದಳು. ಒಬ್ಬಳು ಅಳೆದರೆ ಒಬ್ಬಳು ಬರೆಯುವುದು, ನಲವತ್ತು ನಿಮಿಷಕ್ಕೊಮ್ಮೆ ಜಾಗ ಬದಲಿಸುವುದು. ಸಾತಲಿಂಗಪ್ಪ ಕೈಯಿಂದ ತಿರುಗಿಸುವ ಲೆಕ್ಕದ ಯಂತ್ರವನ್ನು ಗರಗರ ತಿರುಗಿಸುತ್ತಿದ್ದರು. ಎರಡನೆಯ ದಿನ ಅದರ ಹಿಡಿ ಕಿತ್ತು ಬಂತು. ಒಂದು ಪೆನ್ಸಿಲು ಕಟ್ಟಿ ಮತ್ತೆ ತಿರುಗಿಸಿದರು. ಉತ್ತರಗಳನ್ನು ಅವರು ಹುಡುಗಿಯರಿಗೆ ಹೇಳುವಂತಿರಲಿಲ್ಲ; ನೇರ ಸುಮಿತ್ರಾಬಾಯಿಯ ಕೈಗೆ. ಅವರು ಮೂಲೆಯಲ್ಲಿ ಕುಳಿತು, ಮುಖದಲ್ಲಿ ಏನೂ ತೋರಿಸದೆ, ಗೀಟು ಹಾಕುತ್ತಿದ್ದರು. ದ್ರೌಪದಿ ಚಹಾ ಕೊಡುವ ನೆಪದಲ್ಲಿ ಎರಡು ಸಲ ಇಣುಕಲು ಹೋಗಿ ಬೈಸಿಕೊಂಡಳು.

ಮೂರನೆಯ ದಿನ ಮೂರೂವರೆಗೆ ಕೊನೆಯ ಗೆರೆ ಮುಗಿಯಿತು. ಸುಮಿತ್ರಾಬಾಯಿಯ ಗಾಡಿ ಐದಕ್ಕೆ. ಅವರು ಹಾಳೆಯನ್ನು ಮೇಜಿನ ಬೆಳಕಿಗೆ ತಂದರು.

"ಬೆರಕಿ ಮಾಡಿದ ಅರವತ್ತರೊಳಗ ಉದ್ದ ಇದ್ದದ್ದು ಒಂದು," ಎಂದರು. ಆಮೇಲೆ ನಿಧಾನವಾಗಿ, "ಅನುಮಾನದ ತೊಂಬತ್ತಾರರೊಳಗ... ನೀವೇ ಎಣಸ್ರಿ."

ಅಕ್ಕನಾಗಮ್ಮ ಬೆರಳಿಟ್ಟು ಎಣಿಸಿದಳು. ಮೂವತ್ತು ದಾಟಿತು. ಮೂವತ್ತೈದು. ಮೂವತ್ತೇಳು, ಮೂವತ್ತೆಂಟು, ಮೂವತ್ತೊಂಬತ್ತು. ಅಲ್ಲಿಗೆ ನಿಂತಿತು.

ದ್ರೌಪದಿ ಚೀಟಿ ಬಿಡಿಸಿ ತಲೆಯ ಮೇಲೆ ಎತ್ತಿ ಹಿಡಿದಳು. "ನಲವತ್ತೆರಡು, ಆಚೀಚೆ ಹನ್ನೆರಡು! ಮೂವತ್ತೊಂಬತ್ತು ಬಂದದ! ಒಳಗದ, ಒಳಗದ!"

ಸಾತಲಿಂಗಪ್ಪ ಪೆನ್ಸಿಲಿನ ಹಿಡಿಯನ್ನು ಸುಮ್ಮನೆ ಒಂದು ಸುತ್ತು ತಿರುಗಿಸಿದರು. ಸುಮಿತ್ರಾಬಾಯಿ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿ, ಅಕ್ಕನಾಗಮ್ಮನನ್ನೇ ನೋಡಿದರು.

"ಹಂಗಾದ್ರ ಉಳದದ್ದು ನನ್ನ ಚೂಕ," ಎಂದರು. ಅವರ ದನಿಯಲ್ಲೂ ಉತ್ಸಾಹವೇ ಇತ್ತು. "ನನ್ನ ಬೀಜ ಭಾಳ ಸೌಮ್ಯ ಅದ. ಹೋಗಿ ಬದಲು ಮಾಡ್ತೀನಿ." ಟಾಂಗಾ ಹತ್ತಿದ ಮೇಲೂ ಅವರು ಕಾಗದದ ಕಟ್ಟಿನ ಅಂಚಿನಲ್ಲಿ ಏನೋ ಗೀಚುತ್ತಿದ್ದರು.

ಮಾರ್ಚಿನಲ್ಲಿ ತಂತಿ ಬಂತು. ನುಂಗುವ ಪ್ರಮಾಣ ಹೆಚ್ಚಿಸಿದ ಮೇಲೆ ಹೊಸ ಲೆಕ್ಕ ಮುನ್ನೂರ ಐವತ್ತೊಂಬತ್ತು ಎಂದಿತ್ತು. ಇವರ ತಿದ್ದಿದ ಎಣಿಕೆ ಮುನ್ನೂರ ಐವತ್ತೇಳು. ಆದರೆ ತಂತಿಯ ಎರಡನೆಯ ಸಾಲು ನೋಡಿ ಅಕ್ಕನಾಗಮ್ಮ ಕುರ್ಚಿಯಿಂದ ಎದ್ದೇಬಿಟ್ಟಳು. ಪಯಾನ್ ನುಂಗಿದ ಬೀಜ ಸುಮ್ಮನಿರಲಾರದು, ಎರಡು ಪ್ರೋಟಾನ್‌ಗಳನ್ನು ಉಗುಳಬೇಕು. ಪಯಾನ್ ಇಲ್ಲದೆ ಎರಡು ಗಿಡ್ಡ ಗೆರೆ ಇರುವ ಚಿತ್ರಗಳೆಷ್ಟು, ಕೂಡಲೇ ತಿಳಿಸಿ. ಹಳೆಯ ಲೆಕ್ಕ ಅರವತ್ತು ಎಂದಿತ್ತು, ಹೊಸದು ನೂರ ಹದಿನೆಂಟು ಎನ್ನುತ್ತದೆ.

ಚಿತ್ರಗಳೆಲ್ಲ ವಹಿಯಲ್ಲೇ ಇದ್ದವು, ಯಾರೂ ಆ ದೃಷ್ಟಿಯಿಂದ ಕೂಡಿಸಿರಲಿಲ್ಲ. ಇಬ್ಬರೂ ಬೇರೆಬೇರೆ ಮೂಲೆಗೆ ಹೋಗಿ, ಒಬ್ಬರಿಗೊಬ್ಬರು ತೋರಿಸದೆ ಎಣಿಸಿದರು. ಇಬ್ಬರಿಗೂ ಬಂದದ್ದು ನೂರ ಒಂಬತ್ತು, ಹೊಸ ಲೆಕ್ಕಕ್ಕೇ ಹತ್ತಿರ. ಸಾತಲಿಂಗಪ್ಪ ಚಪ್ಪಲಿ ಮೆಟ್ಟದೆ ತಂತಿ ಆಫೀಸಿಗೆ ಓಡಿದರು.

ಜೂನ್ ಬಂದಾಗ ಅಮೃತಪ್ಪ ಮತ್ತೆ ಬಂದ. ಅಕ್ಕಲಕೋಟದ ಜಾಗ ಇನ್ನೂ ಇದೆ ಎಂದ. ಮಗಳು ಹೋಗುವುದಿಲ್ಲ ಎಂದಳು. ಹೊಲದ ಮಾತಿಗೆ ಇಳಿದರೆ ಎರಡು ಗಂಟೆ ವಾದಿಸುವ ಮನುಷ್ಯ ಅಂದು ಹೆಚ್ಚು ಮಾತಾಡಲಿಲ್ಲ. "ಆ ನುಂಗೂದು ಎಷ್ಟು ಅಂತ ತಿಳೀತೇನು?" ಎಂದಷ್ಟೇ ಕೇಳಿದ. ತಿಳಿಯಿತೆಂದು ಅವಳು ಹೇಳಿದಾಗ, ಎಷ್ಟು ಎಂದು ಅಂಕಿಯನ್ನೂ ಕೇಳಿ, ಊರಲ್ಲಿ ಹೇಳಬೇಕೆಂದು ಚೀಟಿಯಲ್ಲಿ ಬರೆಸಿಕೊಂಡ.

ಪ್ರಬಂಧ ಆ ವರ್ಷದ ಕೊನೆಗೆ ಅಚ್ಚಾಯಿತು. ಕೊನೆಯ ಪುಟದ ಕೃತಜ್ಞತೆಯಲ್ಲಿ ಇಬ್ಬರ ಹೆಸರೂ ಇದ್ದವು. ದ್ರೌಪದಿಯ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿತ್ತು. ಅವಳು ಅದನ್ನು ಪೆನ್ನಿನಿಂದ ತಿದ್ದಿ, ಮಂದ್ರೂಪಕ್ಕೆ ಒಯ್ದು ಮನೆಮನೆಗೆ ತೋರಿಸಿ ಬಂದಳು.

ಅಕ್ಕನಾಗಮ್ಮ ಆ ಕೋಣೆಯಲ್ಲಿ ಇನ್ನೂ ಬಹಳ ವರ್ಷ ಕೆಲಸ ಮಾಡಿದಳು. 1977ರಲ್ಲಿ ಎರಡನೆಯ ಮೇಜು ಬಂತು, ನಾಲ್ವರು ಹೊಸ ಹುಡುಗಿಯರು ಬಂದರು, ಜೊತೆಗೆ ಹನ್ನೊಂದು ಪೆಟ್ಟಿಗೆ ಹೊಸ ಸುರುಳಿಗಳು. ಈ ಸಲ ತೊಟ್ಟಿಗೆ ಹಾಯಿಸಿದ್ದು ನ್ಯೂಟ್ರಿನೊ ಅಲ್ಲ, ಅದರ ಪ್ರತಿಕಣ. ಲಾರಿಯವನು ಪೆಟ್ಟಿಗೆಗಳನ್ನು ಮೆಟ್ಟಿಲ ಬಳಿಯೇ ಇಳಿಸಿ, ಊಟ ಮಾಡಿ ಬಂದು ಮೇಲೆ ಸಾಗಿಸುತ್ತೇನೆ ಎಂದು ಹೊರಟ. ಅಕ್ಕನಾಗಮ್ಮ ಕಾಯಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಪೆಟ್ಟಿಗೆಯ ಒಂದು ತುದಿ ಹಿಡಿದು, "ದ್ರೌಪದಿ, ಆ ಕಡೆ ಹಿಡಿ. ಒಂದ ಸುರುಳಿಯರೆ ಹಾಕಿ ನೋಡೂಣು ನಡಿ!" ಎಂದಳು.